ಹೈನುಗಾರಿಕೆಯಲ್ಲಿ ಜಾನುವಾರು ಕ್ಷೇಮ

ಹಾಲಿಗಾಗಿ ಸಾಕುವ ಹಸು, ಎಮ್ಮೆ ಮತ್ತು ಅವುಗಳ ಕರುಗಳ ಆರೋಗ್ಯ, ಸಹಜ ವರ್ತನೆ, ನೋವು ಮತ್ತು ಭಯಗಳನ್ನು ಕುರಿತ ಅಧ್ಯಯನವನ್ನೂ ಆಚರಣೆಯನ್ನೂ ಹೈನುರಾಸುಗಳ ಕ್ಷೇಮ ಎನ್ನುತ್ತಾರೆ. ಪಶುವೈದ್ಯ, ಪ್ರಾಣಿವರ್ತನೆಯ ವಿಜ್ಞಾನ, ಕಾನೂನು ಮತ್ತು ಅರ್ಥಶಾಸ್ತ್ರ ಕೂಡುವ ಕ್ಷೇತ್ರವಿದು. ಈ ಲೇಖನ ಮುಖ್ಯವಾಗಿ ಭಾರತದ, ಅದರಲ್ಲೂ ಕರ್ನಾಟಕದ ಸ್ಥಿತಿಯನ್ನು ಕುರಿತದ್ದು. ಹೊರದೇಶಗಳ ಪ್ರಸ್ತಾಪ ಹೋಲಿಕೆಗೆ ಬೇಕಾದಷ್ಟು ಮಾತ್ರ ಇದೆ.

1998ರಿಂದ ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ಹಾಲು ಉತ್ಪಾದಿಸುವ ದೇಶ. 2023-24ರಲ್ಲಿ ಉತ್ಪಾದನೆ ಸುಮಾರು 23.9 ಕೋಟಿ ಟನ್ ಮುಟ್ಟಿತು. ಕರ್ನಾಟಕದಲ್ಲಿ 1974ರಲ್ಲಿ ಡೇರಿ ಅಭಿವೃದ್ಧಿ ನಿಗಮವಾಗಿ ಆರಂಭವಾಗಿ, ಮುಂದೆ ಹಾಲು ಮಹಾಮಂಡಳವಾದ ಸಹಕಾರಿ ಸಂಸ್ಥೆಯ ದಿನದ ಸಂಗ್ರಹಣೆ 2024ರ ಜೂನ್‌ನಲ್ಲಿ ಒಂದು ಕೋಟಿ ಲೀಟರ್ ದಾಟಿತು. ಇದರಲ್ಲಿ ಬಹುಪಾಲು ಎರಡು ಮೂರು ರಾಸು ಕಟ್ಟಿಕೊಂಡ ಮನೆಗಳಿಂದ, ಬೆಳಿಗ್ಗೆ ಮತ್ತು ಸಂಜೆ ಊರ ಡೇರಿಗೆ ಕ್ಯಾನಿನಲ್ಲಿ ಬರುವ ಹಾಲು. ಸಾವಿರಾರು ಹಸುಗಳನ್ನು ಒಂದೇ ಸೂರಿನಡಿ ಇಡುವ ಅಮೆರಿಕದ ಮಾದರಿಯ ಫಾರ್ಮುಗಳು ಇಲ್ಲಿ ಅಪರೂಪ. ಹಾಗಾಗಿಯೇ, ಪ್ರಾಣಿಕ್ಷೇಮದ ಸಮಸ್ಯೆ ಹೊರಗಿನವರದು, ಹಸುವನ್ನು ಮನೆಯ ಮಗಳಂತೆ ಕಾಣುವ ನಮ್ಮದಲ್ಲ ಎಂಬ ನಂಬಿಕೆ ಬೇರೂರಿದೆ. ಈ ನಂಬಿಕೆ ತಪ್ಪು. ಪ್ರೀತಿ ಇರುವುದು ನಿಜ, ಹಸುವಿಗೆ ಹೆಸರಿಟ್ಟು ಕರೆಯುವ ಮನೆಗಳು ಲಕ್ಷಾಂತರ ಇವೆ. ಆದರೆ ಹಾಲು ವ್ಯಾಪಾರದ ವಸ್ತುವಾದ ಮೇಲೆ, ಹಾಲು ಕೊಡದ ಹೊತ್ತಿನ ಹಸುವಿಗೂ ಹಾಲು ಕೊಡಲಾರದ ಹೋರಿಕರುವಿಗೂ ಆ ಪ್ರೀತಿಯ ರಕ್ಷಣೆ ಸಾಲುತ್ತಿಲ್ಲ. ಇಲ್ಲಿನ ಸಂಕಟ ಒಂದೆಡೆ ಗುಡ್ಡೆಯಾಗದೆ ಲಕ್ಷಾಂತರ ಕೊಟ್ಟಿಗೆಗಳಲ್ಲಿ ಹಂಚಿಹೋಗಿರುವುದರಿಂದ ಕಣ್ಣಿಗೆ ಬೀಳುವುದೂ ಕಡಿಮೆ.

ಪರಿಕಲ್ಪನೆ ಬೆಳೆದ ಬಗೆ

ಸಾಕುಪ್ರಾಣಿಗಳ ಕ್ಷೇಮ ಸಾರ್ವಜನಿಕ ಪ್ರಶ್ನೆಯಾದದ್ದು ಬ್ರಿಟನ್‌ನಲ್ಲಿ. 1964ರಲ್ಲಿ ರೂತ್ ಹ್ಯಾರಿಸನ್ ಬರೆದ 'ಅನಿಮಲ್ ಮೆಷೀನ್ಸ್' ಎಂಬ ಪುಸ್ತಕ ಎಬ್ಬಿಸಿದ ಕೋಲಾಹಲದಿಂದ ಅಲ್ಲಿನ ಸರ್ಕಾರ ರೋಜರ್ ಬ್ರ್ಯಾಂಬೆಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1965ರ ಅದರ ವರದಿ ಕೇಳಿದ್ದು ತೀರ ಸರಳವಾದದ್ದು: ಪ್ರಾಣಿ ಏಳಲು, ಮಲಗಲು, ಸುತ್ತ ತಿರುಗಲು, ಮೈ ನೆಕ್ಕಿಕೊಳ್ಳಲು, ಕಾಲು ಚಾಚಲು ಆಗಬೇಕು. 1979ರಲ್ಲಿ ರಚನೆಯಾದ ಫಾರ್ಮ್ ಅನಿಮಲ್ ವೆಲ್‌ಫೇರ್ ಕೌನ್ಸಿಲ್ ಇದನ್ನು ವಿಸ್ತರಿಸಿ ಐದು ಸ್ವಾತಂತ್ರ್ಯಗಳ ಸೂತ್ರ ರೂಪಿಸಿತು. ಹಸಿವು ಬಾಯಾರಿಕೆ ಇರಬಾರದು, ಇರುವ ಜಾಗ ಹಿಂಸೆಯಾಗಬಾರದು, ನೋವು, ಗಾಯ, ರೋಗಗಳಿಂದ ರಕ್ಷಣೆ ಬೇಕು, ಸಹಜವಾಗಿ ವರ್ತಿಸಲು ಅವಕಾಶ ಬೇಕು, ಭಯ ಸಂಕಟಗಳು ಇರಬಾರದು ಎಂಬುದು ಅದರ ಸಾರ. 2014ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಮತ್ತು ಎ. ನಾಗರಾಜ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಐದನ್ನೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅರ್ಥದೊಳಗೆ ಸೇರಿಸಿ ಓದಿತು. ಆ ಪ್ರಕರಣ ಜಲ್ಲಿಕಟ್ಟಿಗೆ ಸಂಬಂಧಿಸಿದ್ದು, ಅದರ ಸುತ್ತಲ ಚರ್ಚೆಯೆಲ್ಲ ಹೋರಿಗಳ ಬಗ್ಗೆಯೇ ನಡೆಯಿತು. ಅದೇ ಮಾತು ಕೊಟ್ಟಿಗೆಯ ಹಸುವಿಗೂ ಸಲ್ಲುತ್ತದೆ ಎಂದು ಗಮನಿಸಿದವರು ಕಡಿಮೆ.

ಸೀಮೆ ಹಸು ಬಂದ ಮೇಲೆ

ಕರ್ನಾಟಕದ ಹೆಸರಾಂತ ದೇಸಿ ತಳಿಗಳಾದ ಅಮೃತಮಹಲ್, ಹಳ್ಳಿಕಾರ್, ಖಿಲಾರಿ, ಕೃಷ್ಣಾವ್ಯಾಲಿ ಮುಖ್ಯವಾಗಿ ಉಳುವ, ಎಳೆಯುವ ತಳಿಗಳು. ಅವುಗಳ ಹಾಲು ಕರುವಿಗೂ ಮನೆಗೂ ಸಾಲುವಷ್ಟು. ಮಾರುವಷ್ಟು ಹಾಲು ಬೇಕೆಂದಾಗ ಹೋಲ್‌ಸ್ಟೀನ್ ಫ್ರೀಸಿಯನ್ ಮತ್ತು ಜರ್ಸಿ ಮಿಶ್ರತಳಿಗಳು, ಅಂದರೆ ಹಳ್ಳಿಗಳ ಮಾತಿನ ಸೀಮೆ ಹಸುಗಳು, ಕೊಟ್ಟಿಗೆ ಸೇರಿದವು. ಇದರ ಬೇರು ಹಳೆಯದು. 1923ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಂಸ್ಥೆ ಮಿಶ್ರತಳಿಯ ಪ್ರಯೋಗಗಳ ಕೇಂದ್ರವಾಗಿತ್ತು. 1927ರಲ್ಲಿ ವಿಶ್ರಾಂತಿಗಾಗಿ ಬೆಂಗಳೂರಿನಲ್ಲಿದ್ದ ಗಾಂಧೀಜಿ ಅಲ್ಲಿಗೆ ಹೋಗಿ ಹೈನುಗಾರಿಕೆಯ ಪಾಠ ಹೇಳಿಸಿಕೊಂಡರು. ಹಸುವನ್ನು ಪೂಜಿಸುವ ನಾಡಿನಲ್ಲೇ ಹಸುವಿನ ಸ್ಥಿತಿ ಹೀನವಾಗಿದೆ ಎಂಬುದು ಅವರು ಮತ್ತೆ ಮತ್ತೆ ಬರೆದ ಮಾತು. ಗೋರಕ್ಷಣೆ ಭಾವನೆಯಿಂದ ಆಗುವ ಕೆಲಸವಲ್ಲ, ಒಳ್ಳೆಯ ಮೇವು, ಒಳ್ಳೆಯ ತಳಿ, ಲೆಕ್ಕಾಚಾರ ಬಲ್ಲ ಡೇರಿಗಳಿಂದ ಆಗಬೇಕಾದದ್ದು ಎಂದು ಅವರು ನಂಬಿದ್ದರು. ಆ ಸಂಸ್ಥೆಯ ಕೇಂದ್ರ ಕಚೇರಿ 1955ರಲ್ಲಿ ಇಂದಿನ ಹರಿಯಾಣದ ಕರ್ನಾಲ್‌ಗೆ ಹೋಯಿತು. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಉಳಿದಿದೆ.

ಸೀಮೆ ಹಸು ಹಾಲಿನ ಜತೆಗೆ ತನ್ನದೇ ಕಷ್ಟಗಳನ್ನೂ ತಂದಿತು. ತಂಪು ನಾಡಿನ ರಕ್ತ ಹೆಚ್ಚಾದಷ್ಟೂ ಬಿಸಿಲು ತಡೆಯುವ ಶಕ್ತಿ ಕಡಿಮೆ. ಕೋಲಾರ, ಚಿಕ್ಕಬಳ್ಳಾಪುರಗಳ ಏಪ್ರಿಲ್ ತಿಂಗಳ ಮಧ್ಯಾಹ್ನ, ತಗ್ಗಾದ ಶೀಟಿನ ಸೂರಿನಡಿ ಬಾಯಿ ತೆರೆದು ಏದುಸಿರು ಬಿಡುತ್ತ ನಿಂತ ಹಸುವಿಗೆ ಮೇವು ಸೇರುವುದಿಲ್ಲ, ಬೆದೆಯ ಲಕ್ಷಣ ಮಂಕಾಗುತ್ತದೆ, ಗಬ್ಬ ನಿಲ್ಲುವುದೂ ಕಷ್ಟ. ಹಾಲು ಕರೆಯುವ ಹಸುವಿಗೆ, ಅದು ಕೊಡುವ ಪ್ರತಿ ಲೀಟರ್ ಹಾಲಿಗೆ ಸುಮಾರು 3ರಿಂದ 5 ಲೀಟರ್ ನೀರು ಬೇಕು. ಬೆಳಿಗ್ಗೆ ಒಂದು ಬಾರಿ, ಸಂಜೆ ಒಂದು ಬಾರಿ ಬಕೆಟ್ ಇಡುವ ರೂಢಿಯಿರುವ ಕಡೆ ಅದರ ಬಾಯಾರಿಕೆ ನೀಗುವುದೇ ಇಲ್ಲ. ಗೋದಲಿಯ ಪಕ್ಕದಲ್ಲಿ ಸದಾ ನೀರು ನಿಲ್ಲುವ ತೊಟ್ಟಿ ಕಟ್ಟಿಸುವುದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಬೇಗ ಫಲ ಕೊಡುವ ಸುಧಾರಣೆ.

ಹೆಚ್ಚು ಹಾಲಿನ ಒತ್ತಡ ದೇಹದೊಳಗೂ ಕಾಣುತ್ತದೆ. ಕರು ಹಾಕಿದ ಒಂದೆರಡು ದಿನಗಳಲ್ಲಿ ರಕ್ತದ ಕ್ಯಾಲ್ಸಿಯಂ ಹಾಲಿಗೆ ಇಳಿದು ಹಸು ಏಳಲಾರದೆ ಕುಸಿದು ಬೀಳುವುದು ಹಾಲುಜ್ವರ. ಅದರಲ್ಲಿ ಮೈ ಬಿಸಿಯಾಗುವ ಬದಲು ಕಿವಿಗಳು ತಣ್ಣಗಾಗುತ್ತವೆ. ತಿನ್ನುವ ಮೇವು ಹಾಲಿನ ಬೇಡಿಕೆಗೆ ಸಾಲದೆ ದೇಹದ ಕೊಬ್ಬು ಕರಗುವುದರಿಂದ ಕೀಟೋಸಿಸ್ ಬರುತ್ತದೆ. ಎಲ್ಲಕ್ಕಿಂತ ವ್ಯಾಪಕವಾದದ್ದು ಕೆಚ್ಚಲು ಬಾವು. ಊದಿ ಕೆಂಪಾಗಿ ಗಟ್ಟಿಯಾದ ಕೆಚ್ಚಲನ್ನು ಯಾರೂ ಗುರುತಿಸುತ್ತಾರೆ. ಹೊರಗೆ ಏನೂ ಕಾಣದೆ ಒಳಗೇ ಇರುವ ಸುಪ್ತ ರೂಪ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅದನ್ನು ಹಾಲಿನ ಪರೀಕ್ಷೆಯಿಂದಲೇ ತಿಳಿಯಬೇಕು. ಕರೆದ ಕೂಡಲೇ ಮೊಲೆತೊಟ್ಟುಗಳನ್ನು ಸೋಂಕುನಾಶಕದಲ್ಲಿ ಅದ್ದುವುದು, ತೊಟ್ಟಿನ ರಂಧ್ರ ಮುಚ್ಚುವವರೆಗೆ ಹಸು ಮಲಗದಂತೆ ಮುಂದೆ ಮೇವು ಹಾಕುವುದು ಇದನ್ನು ಬಹುಮಟ್ಟಿಗೆ ತಡೆಯುತ್ತವೆ. ಕೆಚ್ಚಲು ಬಾವು ರೈತನಿಗೆ ನಷ್ಟ ತರುವ ರೋಗವೆಂದಷ್ಟೇ ಪ್ರಚಾರದ ಹಾಳೆಗಳು ಹೇಳುತ್ತವೆ. ಹಸುವಿಗೆ ಅದು ತೀವ್ರ ನೋವು ಎಂಬುದನ್ನೂ ಅಲ್ಲಿ ಬರೆಯಬೇಕು.

ಹಾರ್ಮೋನು ಚುಚ್ಚಿ ಹಾಲು ಹೆಚ್ಚಿಸುವ ದಾರಿಯನ್ನು ಅಮೆರಿಕ 1993ರಲ್ಲಿ ಒಪ್ಪಿಕೊಂಡಿತು. ಕೆಚ್ಚಲು ಬಾವು ಮತ್ತು ಕುಂಟುತನ ಹೆಚ್ಚುತ್ತವೆ ಎಂಬ ಕಾರಣಕ್ಕೆ ಕೆನಡಾ ಮತ್ತು ಯುರೋಪಿಯನ್ ಒಕ್ಕೂಟ ಅದನ್ನು ತಿರಸ್ಕರಿಸಿದವು. ಮನುಷ್ಯರ ಆರೋಗ್ಯಕ್ಕಿಂತ ಮುಂದಾಗಿ ಹಸುವಿನ ಕ್ಷೇಮವನ್ನೇ ಆಧಾರವಾಗಿಟ್ಟು ಒಂದು ಔಷಧವನ್ನು ತಡೆದ ಅಪರೂಪದ ಉದಾಹರಣೆ ಅದು.

ಕಣ್ಣಿಯ ಅಳತೆಯ ಬದುಕು

ಭಾರತದ ಹೈನುಗಾರಿಕೆಯ ಅತಿ ದೊಡ್ಡ ಕ್ಷೇಮಪ್ರಶ್ನೆ ಯಾವುದೆಂದು ಕೇಳಿದರೆ ಬಹಳ ಜನ ಇಂಜೆಕ್ಷನ್ ಎನ್ನುತ್ತಾರೆ. ಈ ಲೇಖಕನ ಮಟ್ಟಿಗೆ ಅದು ಕಣ್ಣಿ. ಮೇಯಲು ಬಿಡದೆ ವರ್ಷವಿಡೀ ಗೋದಲಿಗೆ ಕಟ್ಟಿದ ಹಸು ತಿರುಗಲಾರದು, ಬೆನ್ನು ಉಜ್ಜಿಕೊಳ್ಳಲಾರದು, ಇನ್ನೊಂದು ಹಸುವನ್ನು ನೆಕ್ಕಲಾರದು. ಬ್ರ್ಯಾಂಬೆಲ್ ಸಮಿತಿ ಕೇಳಿದ ಕನಿಷ್ಠ ಐದರಲ್ಲಿ ಎರಡೋ ಮೂರೋ ಅದಕ್ಕೆ ದಕ್ಕುವುದಿಲ್ಲ. ಹಸು ದಿನಕ್ಕೆ ಸುಮಾರು 10ರಿಂದ 12 ಗಂಟೆ ಮಲಗಿ ಮೆಲುಕು ಹಾಕುವ ಪ್ರಾಣಿ. ಸಿಮೆಂಟ್ ನೆಲದ ಮೇಲೆ ಅದು ಮಲಗಲು ಹಿಂದೆಗೆದು ಹೆಚ್ಚು ಹೊತ್ತು ನಿಂತೇ ಇರುತ್ತದೆ. ಮಂಡಿಗಳು ಬಾತು ಸಿಪ್ಪೆ ಸುಲಿಯುತ್ತವೆ. ನಡೆದಾಟದಿಂದ ಸವೆಯಬೇಕಾದ ಗೊರಸು ಉದ್ದಕ್ಕೆ ಬೆಳೆದು ಚಪ್ಪಟೆಯಾಗುತ್ತದೆ, ಸಗಣಿ ಗಂಜಲದ ತೇವದಲ್ಲಿ ಮೆತ್ತಗಾಗಿ ಕೊಳೆಯುತ್ತದೆ. ಗೊರಸು ಕತ್ತರಿಸುವ ಕಸುಬು ಬಲ್ಲವರು ಹಳ್ಳಿಗಳಲ್ಲಿ ವಿರಳ. ಎತ್ತಿಗೆ ಲಾಳ ಕಟ್ಟುತ್ತಿದ್ದವರು ಎತ್ತುಗಳ ಜತೆಗೇ ಕಡಿಮೆಯಾದರು.

ಕಟ್ಟಿಹಾಕುವುದಕ್ಕೆ ರೈತನನ್ನಷ್ಟೇ ದೂರುವುದು ನ್ಯಾಯವಲ್ಲ. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ ನೂರು ರಾಸುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಉಚಿತ ಹುಲ್ಲುಗಾವಲು ಮೀಸಲಿಡಬೇಕು. ಗೋಮಾಳಗಳು ಬಡಾವಣೆಗೆ, ಕೈಗಾರಿಕೆಗೆ, ಸಂಘಸಂಸ್ಥೆಗಳಿಗೆ, ಒತ್ತುವರಿಗೆ ಹೋದ ಊರುಗಳಲ್ಲಿ ಹಸುವನ್ನು ಬಿಡುವುದಾದರೂ ಎಲ್ಲಿಗೆ? ಗೋವಿನ ಹೆಸರಿನಲ್ಲಿ ಮಾತಾಡುವ ದನಿಗಳು ಗೋಮಾಳದ ವಿಷಯಕ್ಕೆ ಬಂದಾಗ ಅಷ್ಟು ಜೋರಾಗಿ ಕೇಳಿಸದಿರುವುದು ದುಃಖದ ಸಂಗತಿ. ಸ್ವೀಡನ್‌ನಲ್ಲಿ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಪತ್ರಿಕೆಗಳಲ್ಲಿ ನಡೆಸಿದ ಚಳವಳಿಯ ಫಲವಾಗಿ ಬಂದ 1988ರ ಕಾನೂನು ಬೇಸಿಗೆಯಲ್ಲಿ ಹಸುಗಳನ್ನು ಹುಲ್ಲುಗಾವಲಿಗೆ ಬಿಡುವುದನ್ನು ಕಡ್ಡಾಯ ಮಾಡಿತು. ಇಲ್ಲಿ ಹೊಲ ಇಲ್ಲದ ಮನೆಯವರಿಗೂ ಸಾಧ್ಯವಾಗುವುದು ಬಯಲು ಕೊಟ್ಟಿಗೆ: ಸುತ್ತ ಬೇಲಿ, ಒಂದು ಬದಿ ನೆರಳು, ನಡುವೆ ಮಣ್ಣಿನ ನೆಲ, ಹಸು ಬಿಡುಬೀಸಾಗಿ ಓಡಾಡುವ ವ್ಯವಸ್ಥೆ. ಜಾಗ ತೀರ ಕಡಿಮೆಯಿದ್ದರೆ ರಬ್ಬರ್ ಮ್ಯಾಟ್ ಹಾಸಿ, ದಿನಕ್ಕೆ ಒಂದೆರಡು ಗಂಟೆಯಾದರೂ ಬಿಚ್ಚಿ ಬಿಡಬಹುದು.

ಕೊಂಬು ಸುಡುವುದು ಬೇರೊಂದು ನೋವು. ಕರು ಎಳೆಯದಿರುವಾಗ ಕೊಂಬಿನ ಮೊಗ್ಗನ್ನು ಕಾದ ಕಬ್ಬಿಣದಿಂದಲೋ ಕ್ಷಾರದಿಂದಲೋ ಸುಡುತ್ತಾರೆ. ಅರಿವಳಿಕೆ ಮತ್ತು ನೋವುನಿವಾರಕ ಕೊಡದಿದ್ದರೆ ಕರು ಗಂಟೆಗಟ್ಟಲೆ ತಲೆ ಒದರುತ್ತ ಒದ್ದಾಡುತ್ತದೆ. ಬ್ರಿಟನ್‌ನಲ್ಲಿ ಕಬ್ಬಿಣದಿಂದ ಸುಡುವಾಗ ಅರಿವಳಿಕೆ ಕಡ್ಡಾಯ.

ತಾಯಿ ಮತ್ತು ಕರು

ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗನಿರೋಧಕ ಪ್ರತಿಕಾಯಗಳು ಇಲ್ಲವೆನ್ನುವಷ್ಟು ಕಡಿಮೆ, ತಾಯಿಯ ಮಾಸು ಅವನ್ನು ಗರ್ಭದೊಳಕ್ಕೆ ದಾಟಿಸುವುದಿಲ್ಲ. ಅವು ಬರಬೇಕಾದದ್ದು ಗಿಣ್ಣುಹಾಲಿನಿಂದ. ಕರುಳು ಆ ಪ್ರತಿಕಾಯಗಳನ್ನು ಹಾಗೆಯೇ ಹೀರಿಕೊಳ್ಳುವುದು ಹುಟ್ಟಿದ ಮೊದಲ ದಿನ ಮಾತ್ರ, ಗಂಟೆ ಕಳೆದಂತೆ ಆ ಶಕ್ತಿ ಇಳಿಯುತ್ತದೆ. ಮಾಸು ಬೀಳುವವರೆಗೆ ಕರುವನ್ನು ಕೆಚ್ಚಲಿಗೆ ಬಿಡಬಾರದೆಂಬ ನಂಬಿಕೆ ಹಲವೆಡೆ ಇದೆ. ಮಾಸು ಬೀಳಲು ಅರ್ಧ ದಿನವೂ ಆಗಬಹುದು, ಅಷ್ಟರಲ್ಲಿ ಕರುವಿನ ಅಮೂಲ್ಯ ಗಂಟೆಗಳು ಹೋಗಿರುತ್ತವೆ. ಗಿಣ್ಣು ಕನ್ನಡಿಗರಿಗೆ ಪ್ರಿಯವಾದ ತಿನಿಸು, ನೆರೆಮನೆಗಳಿಗೆ ಹಂಚುವುದು ಹಳ್ಳಿಯ ಸೌಜನ್ಯ. ಸೀಮೆ ಹಸುವಿನ ಗಿಣ್ಣುಹಾಲು ಕರುವಿಗೆ ಮಿಕ್ಕುವಷ್ಟು ಇರುವುದೂ ನಿಜ. ಆದರೆ ಮೊದಲ ಹಾಲು, ಕರುವಿನ ತೂಕದ ಹತ್ತನೆಯ ಒಂದು ಭಾಗದಷ್ಟು, ಕರುವಿನ ಹೊಟ್ಟೆ ಸೇರಿದ ಮೇಲೆಯೇ ಮನೆಯವರ ಸರದಿ ಬರಬೇಕು.

ಪಾಶ್ಚಾತ್ಯ ಫಾರ್ಮುಗಳಲ್ಲಿ ಹುಟ್ಟಿದ ದಿನವೇ ತಾಯಿ ಕರುಗಳನ್ನು ಬೇರೆ ಮಾಡುವುದು ಸಾಮಾನ್ಯ. ನಾಟಿ ಹಸು ಮತ್ತು ಎಮ್ಮೆಗಳು ಕರು ಎದುರಿಲ್ಲದೆ ಸುಲಭವಾಗಿ ತೊರೆ ಬಿಡುವುದಿಲ್ಲವಾದ್ದರಿಂದ ಭಾರತದಲ್ಲಿ ಕರುವನ್ನು ಪಕ್ಕದಲ್ಲಿ ಉಳಿಸಿಕೊಳ್ಳುವ ರೂಢಿ. ಇದನ್ನು ಕರುಣೆ ಎಂದು ತಿಳಿಯುವ ಮುನ್ನ ಪೂರ್ತಿ ನೋಡಬೇಕು. ನಾಲ್ಕು ಗುಟುಕು ಕುಡಿಸಿ ತೊರೆ ಬಿಟ್ಟ ಕೂಡಲೇ ಕರುವನ್ನು ಎಳೆದು ಕಟ್ಟಿ, ಕೆಚ್ಚಲು ಬರಿದಾದ ಮೇಲೆ ಮತ್ತೆ ಬಿಡುವ ಕೊಟ್ಟಿಗೆಗಳಲ್ಲಿ ಕರು ಅರೆಹೊಟ್ಟೆಯಲ್ಲೇ ಬೆಳೆಯುತ್ತದೆ. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸಿ ಹಾಲು ಕರೆಯುವ ಪದ್ಧತಿ ಉತ್ತರ ಭಾರತದಲ್ಲಿ ಬಹುಕಾಲದಿಂದ ಇದೆ.

ಹೋರಿಕರು

ಹುಟ್ಟುವ ಕರುಗಳಲ್ಲಿ ಅರ್ಧದಷ್ಟು ಗಂಡು. 2019ರ 20ನೆಯ ಜಾನುವಾರು ಗಣತಿಯಲ್ಲಿ ದೇಶದ 19.25 ಕೋಟಿ ದನಗಳಲ್ಲಿ ಹೆಣ್ಣು 14.51 ಕೋಟಿ. ಗಂಡು ಉಳಿದ 4.74 ಕೋಟಿ ಮಾತ್ರ. 2012ರ ಗಣತಿಗೆ ಹೋಲಿಸಿದರೆ ಹೆಣ್ಣಿನ ಸಂಖ್ಯೆ ಶೇ. 18ರಷ್ಟು ಏರಿದೆ, ಗಂಡಿನದು ಶೇ. 30ರಷ್ಟು ಕುಸಿದಿದೆ. ಎತ್ತಿನ ಕೆಲಸವನ್ನು ಟ್ರ್ಯಾಕ್ಟರ್ ಕಿತ್ತುಕೊಂಡಿತು. ಭುಜದ ಡುಬ್ಬವಿಲ್ಲದ, ಬಿಸಿಲಿಗೆ ಬಳಲುವ ಸೀಮೆ ಹೋರಿ ನೊಗಕ್ಕೂ ಹೊಂದುವುದಿಲ್ಲ. ಇಷ್ಟೊಂದು ಗಂಡುಕರುಗಳು ಎಲ್ಲಿಗೆ ಹೋದವು ಎಂಬ ಪ್ರಶ್ನೆಗೆ ಉತ್ತರ ಹಾಲು ಕುಡಿಯುವ ಯಾರಿಗೂ ಸುಲಭವಾಗಿ ಜೀರ್ಣವಾಗದು. ಕೆಲವು ಹಾಲಿಲ್ಲದೆ ನಿಧಾನವಾಗಿ ಸಾಯುತ್ತವೆ, ಕೆಲವನ್ನು ವಾರದೊಳಗೆ ದಲ್ಲಾಳಿ ಕೊಳ್ಳುತ್ತಾನೆ, ಕೆಲವನ್ನು ರಾತ್ರೋರಾತ್ರಿ ದೇವಸ್ಥಾನದ ಬಳಿಯೋ ಗೋಶಾಲೆಯ ಬಾಗಿಲಲ್ಲೋ ಬಿಟ್ಟು ಬರುತ್ತಾರೆ. ಎಮ್ಮೆಯ ಗಂಡುಕರುವಿನ ಗತಿ ಇನ್ನೂ ಕಠಿಣ, ಅದರ ಪರವಾಗಿ ಧಾರ್ಮಿಕ ಭಾವನೆಯೂ ಇಲ್ಲ.

ಈ ಪ್ರಶ್ನೆ ನಮ್ಮದಷ್ಟೇ ಅಲ್ಲ. ನ್ಯೂಜಿಲೆಂಡ್‌ನಲ್ಲಿ ಹುಟ್ಟಿ ನಾಲ್ಕು ದಿನ ತುಂಬಿದ ಗಂಡುಕರುಗಳನ್ನು ಕಸಾಯಿಖಾನೆಗೆ ಸಾಗಿಸುತ್ತಾರೆ. ಯುರೋಪಿನಲ್ಲಿ ಎಳೆಗರುವಿನ ಮಾಂಸಕ್ಕಾಗಿ ಅವನ್ನು ಅಲುಗಾಡದಂತೆ ಇಕ್ಕಟ್ಟಿನ ಪೆಟ್ಟಿಗೆಗಳಲ್ಲಿ ಬೆಳೆಸುತ್ತಿದ್ದ ಪದ್ಧತಿಯನ್ನು ಬ್ರಿಟನ್ 1990ರಲ್ಲಿ ನಿಷೇಧಿಸಿತು, ಯುರೋಪಿಯನ್ ಒಕ್ಕೂಟ 2007ರ ವೇಳೆಗೆ ನಿಲ್ಲಿಸಿತು. ಹೆಣ್ಣುಕರುವೇ ಹುಟ್ಟುವ ಸಾಧ್ಯತೆಯನ್ನು ಸುಮಾರು ಶೇ. 90ಕ್ಕೆ ಏರಿಸುವ ಲಿಂಗನಿರ್ಧಾರಿತ ವೀರ್ಯವನ್ನು ಭಾರತ ಸರ್ಕಾರ ರಾಷ್ಟ್ರೀಯ ಗೋಕುಲ್ ಮಿಷನ್ ಮೂಲಕ ಹಂಚುತ್ತಿದೆ. ಹುಟ್ಟಿದ ಮೇಲೆ ಹಸಿವಿನಿಂದ ಸಾಯುವುದಕ್ಕಿಂತ ಹುಟ್ಟದಿರುವುದು ಮೇಲು ಎಂಬ ವಾದವನ್ನು ತಳ್ಳಿಹಾಕಲಾಗದು. ಹೆಣ್ಣುಕರುಗಳೇ ಹೆಚ್ಚಾದರೆ ಮುಂದೆ ಬತ್ತಿದ ಹಸುಗಳೂ ಹೆಚ್ಚಾಗುತ್ತವೆ ಎಂಬುದನ್ನು ಮಾತ್ರ ಯೋಜನೆಗಳು ಇನ್ನೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಹಾಲು ಬತ್ತಿದ ಮೇಲೆ

ಹಸುವಿನ ಸಹಜ ಆಯುಸ್ಸು ಸುಮಾರು 20 ವರ್ಷ. ಅತಿ ಹೆಚ್ಚು ಹಾಲು ಕರೆಯುವ ದೇಶಗಳಲ್ಲಿ ಮೂರು ನಾಲ್ಕು ಸೂಲು ಆಗುವಷ್ಟರಲ್ಲಿ, ಐದಾರು ವರ್ಷಕ್ಕೇ, ಅದು ಕಸಾಯಿಖಾನೆ ಸೇರುತ್ತದೆ. ಭಾರತದ ಬಹುತೇಕ ರಾಜ್ಯಗಳಲ್ಲಿ ಗೋಹತ್ಯೆಗೆ ಕಾನೂನಿನ ತಡೆಯಿದೆ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ 13 ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಬಿಟ್ಟು ಉಳಿದ ಎಲ್ಲ ದನಗಳ ಹತ್ಯೆಯನ್ನು ನಿಷೇಧಿಸಿತು. ಈ ಕಾನೂನಿನ ನೈತಿಕ, ರಾಜಕೀಯ ವಾದಗಳು ಈ ಲೇಖನದ ವ್ಯಾಪ್ತಿಗೆ ಹೊರಗಿನವು. ಕ್ಷೇಮದ ದೃಷ್ಟಿಯಿಂದ ಹೇಳಬೇಕಾದದ್ದು ಇಷ್ಟು: ಹತ್ಯೆ ನಿಂತರೆ ಸಾಕುವ ಹೊಣೆ ಹುಟ್ಟುತ್ತದೆ, ಆ ಹೊಣೆಯ ಖರ್ಚನ್ನು ಕಾನೂನು ಯಾರ ಹೆಸರಿಗೂ ಬರೆದಿಲ್ಲ. ಗಬ್ಬ ನಿಲ್ಲದ ಹಸುವಿಗೆ ದಿನವೂ ಮೇವು ಹಾಕಲಾರದ ಸಣ್ಣ ರೈತ ಅದನ್ನು ಮಾರಲೂ ಆಗದೆ, ಸಾಕಲೂ ಆಗದೆ ಬೀದಿಗೆ ಬಿಡುತ್ತಾನೆ. 2019ರ ಗಣತಿ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಬೀಡಾಡಿ ದನಗಳನ್ನು ಎಣಿಸಿತು.

ಬೀದಿಯ ಹಸು ತಿನ್ನುವುದು ತಿಪ್ಪೆಯ ಪ್ಲಾಸ್ಟಿಕ್. ಗಂಟು ಹಾಕಿದ ಕೈಚೀಲದೊಳಗಿನ ಅನ್ನದ ಆಸೆಗೆ ಚೀಲವನ್ನೇ ನುಂಗುತ್ತದೆ. ಮೊದಲ ಹೊಟ್ಟೆಯಲ್ಲಿ ಅದು ಗಂಟಾಗಿ ಬೆಳೆದು, ಹೊಟ್ಟೆ ತುಂಬಿದಂತೆ ಕಂಡರೂ ಹಸು ಒಳಗೊಳಗೇ ಹಸಿದು ಸಾಯುತ್ತದೆ. ಪುಟ್ಟಪರ್ತಿಯ ಕರುಣಾ ಸೊಸೈಟಿಯ ವೈದ್ಯರು ಶಸ್ತ್ರಚಿಕಿತ್ಸೆಯಲ್ಲಿ ಒಂದೊಂದು ಹಸುವಿನಿಂದ ಹತ್ತಾರು ಕಿಲೋ ಪ್ಲಾಸ್ಟಿಕ್ ತೆಗೆದರು. ಈ ಪ್ಲಾಸ್ಟಿಕ್ ಹಾವಳಿಯ ವಿರುದ್ಧ ಆ ಸಂಸ್ಥೆ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕದ್ದು ಸಾಗಿಸುವ ದನಗಳ ಸ್ಥಿತಿ ಇದಕ್ಕೂ ಕೆಟ್ಟದ್ದು. 1978ರ ಸಾಗಣೆ ನಿಯಮಗಳು ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ತುಂಬಬಾರದೆನ್ನುತ್ತವೆ. ಕಾಲು ಕಟ್ಟಿ ಒಂದರ ಮೇಲೊಂದು ಹೇರಿದ ದನಗಳ ಲಾರಿಗಳು ಆಗಾಗ ಸಿಕ್ಕಿಬೀಳುತ್ತಲೇ ಇವೆ. ಗೋಶಾಲೆಗಳು ನಿಷ್ಠೆಯಿಂದ ದುಡಿಯುತ್ತಿವೆ, ಆದರೆ ಜಾಗಕ್ಕಿಂತ ದನ ಹೆಚ್ಚು, ದನಕ್ಕಿಂತ ಮೇವು ಕಡಿಮೆ. ಗೋಶಾಲೆಯ ರಾಸುಗಳನ್ನು ಸಾರ್ವಜನಿಕರು ದತ್ತು ಪಡೆಯಲು ಕರ್ನಾಟಕ ಸರ್ಕಾರ 2022ರಲ್ಲಿ ಪುಣ್ಯಕೋಟಿ ಯೋಜನೆ ತಂದಿತು. ದಾನದಿಂದ ಆಗುವ ಕೆಲಸಕ್ಕೆ ಒಂದು ಮಿತಿಯಿದೆ.

ಇಂಜೆಕ್ಷನ್ ಮತ್ತು ನಗರದ ಕೊಟ್ಟಿಗೆ

ಫೂಕಾ ಎಂಬ ಹಳೆಯ ಕ್ರೌರ್ಯದಲ್ಲಿ ಹಸುವಿನ ಯೋನಿಯೊಳಕ್ಕೆ ಗಾಳಿ ಊದಿ ಹಾಲು ಇಳಿಸುತ್ತಿದ್ದರು. ಇಂಥ ಕ್ರೌರ್ಯಗಳ ಬಗ್ಗೆ ಓದಿದ್ದೇ ಗಾಂಧೀಜಿ 1912ರಲ್ಲಿ ಹಾಲು ತ್ಯಜಿಸಲು ಒಂದು ಕಾರಣವಾಯಿತು. ಅದರ ಜಾಗಕ್ಕೆ ಬಂದದ್ದು ಆಕ್ಸಿಟೋಸಿನ್. ಕರುವಿನ ಸ್ಪರ್ಶಕ್ಕೆ ಹಸುವಿನ ಮಿದುಳು ತಾನಾಗಿ ಸುರಿಸುವ ಹಾರ್ಮೋನ್ ಅದು. ಕರು ಸತ್ತ ಅಥವಾ ಮಾರಿದ ಕಡೆ ಅದನ್ನೇ ಸೂಜಿಯಿಂದ ದಿನಕ್ಕೆರಡು ಬಾರಿ ಚುಚ್ಚುತ್ತಾರೆ. ಕ್ರಮೇಣ ಹಸು ಸೂಜಿಯಿಲ್ಲದೆ ತೊರೆ ಬಿಡದಂತಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ತಯಾರಿಕೆಯನ್ನು ನಿಲ್ಲಿಸಿ ಬೆಂಗಳೂರಿನ ಸರ್ಕಾರಿ ಉದ್ದಿಮೆ ಕರ್ನಾಟಕ ಆ್ಯಂಟಿಬಯಾಟಿಕ್ಸ್‌ಗೆ ಮಾತ್ರ ಅವಕಾಶ ಕೊಟ್ಟಿತು. ಹೆರಿಗೆಯಲ್ಲಿ ರಕ್ತಸ್ರಾವ ತಡೆಯಲು ತಾಯಂದಿರಿಗೆ ಅನಿವಾರ್ಯವಾದ ಔಷಧ ಅದು. ಕೊರತೆಯಾದರೆ ಜೀವಗಳು ಹೋಗುತ್ತವೆ ಎಂಬ ವಾದದ ನಡುವೆ ದೆಹಲಿ ಹೈಕೋರ್ಟ್ ಅದೇ ವರ್ಷದ ಡಿಸೆಂಬರ್‌ನಲ್ಲಿ ಆದೇಶ ರದ್ದುಮಾಡಿತು.

ನಗರದೊಳಗಿನ ಡೇರಿಗಳಲ್ಲಿ ಈ ಎಲ್ಲ ಸಮಸ್ಯೆಗಳೂ ಒಟ್ಟಿಗೇ ಸಿಗುತ್ತವೆ. ಮುಂಬೈಯ ಇಕ್ಕಟ್ಟಾದ ತಬೇಲಾಗಳಿಂದ ಎಮ್ಮೆಗಳನ್ನು ಹೊರಗೊಯ್ಯಲು 1949ರಲ್ಲಿ ಆರೆ ಹಾಲು ಕಾಲೊನಿ ಕಟ್ಟಿದರು. ಮುಕ್ಕಾಲು ಶತಮಾನದ ನಂತರ, 2024ರಲ್ಲಿ, ದೆಹಲಿ ಹೈಕೋರ್ಟ್ ಗಾಜಿಪುರ ಮತ್ತು ಭಲ್ಸ್ವಾದ ಕಸದ ಗುಡ್ಡಗಳ ಪಕ್ಕದಲ್ಲಿರುವ ಡೇರಿಗಳ ಸ್ಥಳಾಂತರದ ಪ್ರಶ್ನೆಯನ್ನು ಎತ್ತಿಕೊಳ್ಳಬೇಕಾಯಿತು.

ಕಾನೂನು ಮತ್ತು ಹೊಣೆ

ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಒತ್ತಾಸೆಯಿಂದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರು. ಕಾಯ್ದೆಯ 12ನೆಯ ಕಲಂ ಫೂಕಾವನ್ನೂ ಹಾಲು ಹೆಚ್ಚಿಸಲು ಹಸುವಿನ ಆರೋಗ್ಯಕ್ಕೆ ಹಾನಿಯಾಗುವಂತೆ ಕೊಡುವ ಯಾವುದೇ ಇಂಜೆಕ್ಷನ್ನನ್ನೂ ಅಪರಾಧವೆನ್ನುತ್ತದೆ. ಅದಕ್ಕೆ ಎರಡು ವರ್ಷದವರೆಗೆ ಸೆರೆ. 11ನೆಯ ಕಲಂ ಹೊಡೆಯುವುದು, ಹಸಿವಿನಲ್ಲಿಡುವುದು, ತೀರ ಗಿಡ್ಡ ಹಗ್ಗದಲ್ಲಿ ಬಹಳ ಹೊತ್ತು ಕಟ್ಟುವುದು ಮೊದಲಾದವನ್ನು ಕ್ರೌರ್ಯವೆಂದು ಪಟ್ಟಿ ಮಾಡುತ್ತದೆ. ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ ದಂಡ. ಅದರ ಗರಿಷ್ಠ ಮೊತ್ತವೂ ಇಂದು ಒಂದು ಲೀಟರ್ ಹಾಲಿನ ಬೆಲೆಯ ಆಸುಪಾಸಿನಲ್ಲಿದೆ. ದಂಡ ಏರಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರ್ಕಾರ 2022ರಲ್ಲಿ ಸಾರ್ವಜನಿಕ ಅಭಿಪ್ರಾಯಕ್ಕೆ ಬಿಟ್ಟಿತ್ತು.

ದಂಡವೊಂದರಿಂದ ಕೊಟ್ಟಿಗೆ ಬದಲಾಗದು. ಎರಡು ಹಸುವಿನ ಒಡತಿಗೆ ಬೇಕಾದದ್ದು ಸಮಯಕ್ಕೆ ಬರುವ ಪಶುವೈದ್ಯರು, 1962 ಸಹಾಯವಾಣಿಗೆ ಕರೆ ಮಾಡಿದಾಗ ಮನೆಬಾಗಿಲಿಗೆ ಬರುವ ಸಂಚಾರಿ ಚಿಕಿತ್ಸಾಲಯ, ಹಸಿರು ಮೇವಿಗೆ ನೀರು. ಇವು ಸಿಕ್ಕ ಕಡೆ ಹಸುವೂ ಸುಖವಾಗಿರುತ್ತದೆ, ಹಾಲೂ ಹೆಚ್ಚುತ್ತದೆ. ಆದರೆ ಹೋರಿಕರುವನ್ನು ಮತ್ತು ಹಾಲು ಬತ್ತಿದ ಹಸುವನ್ನು ಸಾಕುವುದರಿಂದ ಹಾಲು ಹೆಚ್ಚುವುದಿಲ್ಲ. ಅದು ಶುದ್ಧ ಖರ್ಚು, ಅದನ್ನು ಕಡುಬಡ ಉತ್ಪಾದಕರ ತಲೆಗೆ ಕಟ್ಟಿ ನಗರದ ಗ್ರಾಹಕ ಕೈತೊಳೆದುಕೊಳ್ಳುವುದು ಅನ್ಯಾಯ. ಹಾಲಿನ ದರ ನಿಗದಿಯಾಗುವಾಗ ಹಿಂಡಿ, ಬೂಸಾ, ಸಾಗಣೆ, ಪ್ಯಾಕಿಂಗ್ ಎಲ್ಲಕ್ಕೂ ಲೆಕ್ಕವಿದೆ. ಪ್ರತಿ ಲೀಟರಿಗೆ ಒಂದು ಸಣ್ಣ ಪಾಲನ್ನು ಬತ್ತಿದ ಹಸುಗಳ ಮೇವಿಗೂ ಕರುಗಳ ಹಾಲಿಗೂ ತೆಗೆದಿಟ್ಟು, ಅದನ್ನು ಸಾಕುವ ಮನೆಗಳಿಗೇ ನೇರವಾಗಿ ತಲುಪಿಸುವ ಕೆಲಸವನ್ನು ಹಾಲು ಒಕ್ಕೂಟಗಳು ಆರಂಭಿಸಬೇಕು. ಆ ಹೆಚ್ಚುವರಿ ಬೆಲೆ ಬಂದ ದಿನ ಹಾಲು ಕೊಳ್ಳುವವರು ಅದನ್ನು ವಿರೋಧಿಸಬಾರದು.